‘ಆಯ್ತು’ ಅಂದರೆ ಏನು ಅಂತ ಸಾಹೇಬರು ಕೇಳಿದರು

ನನ್ನ ಜೀಪಿನ ಬೆನ್ನಿಗೆ ಒಂದು ಫಲಕವಿದೆ. ಅದರಲ್ಲಿ ‘ಫಾಲೋ ಮಿ’ ಎಂದು ದೀಪದ ಅಕ್ಷರಗಳು ಉರಿಯುತ್ತವೆ. ನನ್ನ ಹಿಂದೆ ಬಾ ಎಂದರ್ಥ. ಮನೆಯಲ್ಲಿ ಹೆಂಡತಿ, ಮಗಳು, ಸಾಕಿದ ನಾಯಿ ಇವರ್ಯಾರೂ ಇವತ್ತಿನವರೆಗೆ ಕಿವಿಗೆ ಹಾಕಿಕೊಳ್ಳದ ಈ ಮಾತನ್ನು ವಿಮಾನಗಳು ಕೇಳುತ್ತವೆ. ರಾತ್ರಿ ಹೊತ್ತು ನೆಲಕ್ಕಿಳಿದ ವಿಮಾನಕ್ಕೆ ದಾರಿ ತಿಳಿಯದಿದ್ದರೆ, ಅಥವಾ ಮಂಜು ಮುಸುಕಿದರೆ, ನಾನು ಅದರ ಮುಂದೆ ಹೋಗಿ ದೀಪ ಹಾಕಿ ನಿಲ್ಲುತ್ತೇನೆ. ಅದು ಮರುಮಾತಿಲ್ಲದೆ ನನ್ನ ಹಿಂದೆ ಬರುತ್ತದೆ. ಅದು ನಿಲ್ಲಬೇಕಾದ ಜಾಗದವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ. ಇಷ್ಟೇ ನನ್ನ ಉದ್ಯೋಗ.

ಇದಕ್ಕೆ ಮುಂಚೆ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದೆ. ಆಗಲೂ ನನ್ನ ಬೆನ್ನ ಹಿಂದೆ ಜನ ಇರುತ್ತಿದ್ದರು. ಆದರೆ ಅವರು ಬೈಯುತ್ತಾ ಇರುತ್ತಿದ್ದರು. ವಿಮಾನದೊಳಗೆ ಕೂತವರಿಗೆ ನಾನೊಬ್ಬ ಇದ್ದೇನೆಂಬುದೇ ಗೊತ್ತಿರುವುದಿಲ್ಲ. ಅವರು ಆಗಲೇ ಎದ್ದು ನಿಂತು, ಬಾಗಿಲು ತೆಗೆಯುವ ಮುಂಚೆಯೇ ತಲೆಯ ಮೇಲಿನ ಬ್ಯಾಗು ಎಳೆಯುತ್ತಿರುತ್ತಾರೆ. ಈ ವಿಷಯದಲ್ಲಿ ಮಾತ್ರ ನಮ್ಮ ಬಸ್ಸಿನವರಿಗೂ ಅವರಿಗೂ ಏನೂ ವ್ಯತ್ಯಾಸವಿಲ್ಲ.

ನಮ್ಮದು ಆವತಿ ಪಕ್ಕದ ಹಳ್ಳಿ. ಕೆಲಸ ಸಿಕ್ಕಿದ ಹೊಸದರಲ್ಲಿ, ವಿಮಾನಕ್ಕೆ ದಾರಿ ತೋರಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಟೀ ಅಂಗಡಿಯಲ್ಲಿ ಕೂತಿದ್ದ ನನ್ನ ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, ಲೋಟ ಕೆಳಗಿಟ್ಟು ಕೇಳಿದರು:

“ಅಲ್ಲ ಕಣ್ಲಾ, ಆಕಾಶದಾಗೆ ದಾರಿ ಕಂಡ್ಕಂಡು ಡೆಲ್ಲಿಯಿಂದ ಬಂದೋನಿಗೆ, ಇಲ್ಲಿ ಡಾಂಬರ್ ರಸ್ತೇಲಿ ದಾರಿ ಕಾಣ್ಸಲ್ವೇನ್ಲಾ?”

“ಕಾಣ್ಸಲ್ಲ ದೊಡ್ಡಪ್ಪ.”

“ಮತ್ತೆ ಅವ್ನಿಗ್ಯಾಕೆ ಅಷ್ಟುದ್ದ ಟೋಪಿ?”

ಟೋಪಿಯ ವಿಷಯ ಹೇಗೋ ಏನೋ. ಆದರೆ ದಾರಿ ಕಾಣುವುದಿಲ್ಲ ಎಂಬುದು ನಿಜ. ಆಕಾಶದಲ್ಲಿ ಅಡ್ಡರಸ್ತೆಗಳಿಲ್ಲ. ನೆಲಕ್ಕೆ ಬಂದ ಕೂಡಲೇ ಎಡಕ್ಕೊಂದು, ಬಲಕ್ಕೆರಡು, ಅದರಲ್ಲೊಂದು ಮತ್ತೆ ಕವಲು. ಈ ರಸ್ತೆಗಳಿಗೆ ಟ್ಯಾಕ್ಸಿವೇ ಎನ್ನುತ್ತಾರೆ. ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರದ ಹೆಸರು. ಕತ್ತಲಾದ ಮೇಲೆ ರಸ್ತೆಯೇ ಕಾಣುವುದಿಲ್ಲ, ಬರೀ ದೀಪ ಕಾಣುತ್ತದೆ. ಅಂಚಿಗೆ ನೀಲಿ, ನಡುವೆ ಹಸಿರು, ನಿಲ್ಲಬೇಕಾದಲ್ಲಿ ಕೆಂಪು. ದೂರದಿಂದ ನೋಡಿದರೆ ಯಾರದೋ ಮದುವೆಗೆ ಸೀರಿಯಲ್ ಸೆಟ್ ಹಾಕಿ ಗಂಟುಬಿದ್ದ ಹಾಗಿರುತ್ತದೆ. ಪೈಲಟ್ ಕೂರುವ ಜಾಗವೋ ಎತ್ತರದ್ದು. ಅಲ್ಲಿಂದ ಅವರಿಗೆ ತಮ್ಮ ಚಕ್ರ ಕಾಣುವುದಿಲ್ಲ. ನಮ್ಮ ಬಸ್ಸನ್ನು ಟಾಪಿನ ಮೇಲೆ ಕೂತು ಓಡಿಸಿದರೆ ಹೇಗೋ ಹಾಗೆ.

ಹೀಗಾಗಿ ಪೈಲಟ್ಟುಗಳು ನೆಲದ ಮೇಲೆ ಬಹಳ ಸಾಧು ಪ್ರಾಣಿಗಳು. ಮೇಲಿದ್ದಾಗ ಪ್ರಯಾಣಿಕರಿಗೆ ಮೈಕಿನಲ್ಲಿ, ನಾವು ಇಷ್ಟು ಸಾವಿರ ಅಡಿ ಎತ್ತರದಲ್ಲಿದ್ದೇವೆ ಎಂದು ಗಂಭೀರವಾಗಿ ಹೇಳಿದವರು, ಕೆಳಗಿಳಿದ ಮೇಲೆ ಎಲ್ಲಿದ್ದೇವೆ ಎಂದು, ಎತ್ತರದ ಗೋಪುರದಲ್ಲಿ ಕೂತು ವಿಮಾನಗಳಿಗೆ ಅಪ್ಪಣೆ ಕೊಡುವ ಟವರಿನವರನ್ನು ಕೇಳುತ್ತಾರೆ. ಟವರಿನವರು ‘ಇಂಥ ಟ್ಯಾಕ್ಸಿವೇಯಲ್ಲಿ ಹೋಗಿ, ಇಂಥಲ್ಲಿ ಎಡಕ್ಕೆ ತಿರುಗಿ, ಇಂಥ ಕಡೆ ನಿಲ್ಲಿ’ ಎಂದರೆ, ಪೈಲಟ್ ಅದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಒಪ್ಪಿಸಿದ್ದು ತಪ್ಪಿದರೆ ಟವರಿನವರು ಮತ್ತೆ ಹೇಳುತ್ತಾರೆ, ಇವರು ಮತ್ತೆ ಒಪ್ಪಿಸುತ್ತಾರೆ. ರೇಡಿಯೋದಲ್ಲಿ ಇದನ್ನು ಕೇಳಿ ಕೇಳಿ ನಾನು ಜೀಪಿನೊಳಗೆ ಒಬ್ಬನೇ ನಗುತ್ತಿದ್ದೆ. ಇಷ್ಟೆಲ್ಲ ಓದಿದವರು ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಆಡುತ್ತಾರಲ್ಲ, ಒಂದು ಸಲ ಹೇಳಿದರೆ ತಿಳಿಯುವುದಿಲ್ಲವೇ ಎಂದುಕೊಳ್ಳುತ್ತಿದ್ದೆ.

ನಮಗೂ ತರಬೇತಿಯಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ಯಾರಾದರೂ ಏನಾದರೂ ಹೇಳಿದರೆ ಬರೀ ‘ಓಕೆ’ ಅನ್ನಬೇಡಿ, ಹೇಳಿದ್ದನ್ನು ತಿರುಗಿ ಹೇಳಿ ಎಂದು ಮೇಷ್ಟ್ರು ಒಂದು ಗಂಟೆ ಗಂಟಲು ಹರಿದುಕೊಂಡರು. ಕೊನೆಗೆ “ಅರ್ಥ ಆಯ್ತಾ?” ಎಂದು ಕೇಳಿದರು. ನಾವೆಲ್ಲ ಒಟ್ಟಿಗೆ “ಓಕೆ ಸಾರ್” ಎಂದೆವು. ಮೇಷ್ಟ್ರು ಬೋರ್ಡು ಒರೆಸಿ ಮತ್ತೆ ಮೊದಲಿನಿಂದ ಶುರುಮಾಡಿದರು.

ವಿಮಾನ ನಿಲ್ದಾಣದೊಳಗೆ ಗಾಡಿ ಓಡಿಸಲು ನಮಗೆ ಒಂದು ಪರ್ಮಿಟ್ ಕಾರ್ಡ್ ಕೊಡುತ್ತಾರೆ. ತಪ್ಪು ಮಾಡಿದರೆ ಅದರಲ್ಲಿ ಒಂದು ತೂತು ಹೊಡೆಯುತ್ತಾರೆ. ಮೂರು ತೂತು ಬಿದ್ದರೆ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ನನ್ನದರಲ್ಲಿ ಆಗಲೇ ಎರಡಿದ್ದವು. ಒಂದು, ವಿಮಾನಕ್ಕೆ ದಾರಿ ತೋರಿಸುತ್ತಾ ವಿಮಾನವನ್ನೇ ಹಿಂದೆ ಬಿಟ್ಟು ವೇಗವಾಗಿ ಹೋದದ್ದಕ್ಕೆ. ಅದು ಬಸ್ಸಿನ ಕಾಲದ ಚಾಳಿ. ಇನ್ನೊಂದು, ಮೈಮೇಲೆ ಹೊಳೆಯುವ ಜಾಕೆಟ್ ಇಲ್ಲದೆ ಕೆಳಗಿಳಿದು ನಿಂತದ್ದಕ್ಕೆ. ಆ ಜಾಕೆಟ್ ಹಾಕಿಕೊಂಡರೆ ರಸ್ತೆಯ ಕೋನ್‌ಗೂ ನನಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ನಾನು ತೆಗೆದು ಸೀಟಿನ ಮೇಲಿಟ್ಟಿದ್ದೆ. ಐವತ್ತು ದಾಟಿದ ಮೇಲೆ ಮತ್ತೆ ಬಸ್ಸಿನ ಸ್ಟೀರಿಂಗ್ ಹಿಡಿಯುವ ತಾಕತ್ತು ನನ್ನ ಬೆನ್ನಿಗಿರಲಿಲ್ಲ. ಮೂರನೇ ತೂತಿನ ಭಯ ಯಾವಾಗಲೂ ಜೇಬಿನಲ್ಲೇ ಇರುತ್ತಿತ್ತು.

ರಾತ್ರಿ ಪಾಳಿಯಲ್ಲಿ ನನಗೆ ಜೊತೆಯೆಂದರೆ ತೂಬಗೆರೆ ಕಡೆಯ ಒಬ್ಬ. ಮೂವತ್ತೈದು ದಾಟಿರಬಹುದು. ಮನೆಯಲ್ಲಿ ಹೊಲ, ಎರಡು ಹಸು, ಹೆಂಡತಿ, ಶಾಲೆಗೆ ಹೋಗುವ ಮಗಳು. ಟ್ಯಾಕ್ಸಿವೇ ದೀಪ ಬದಲಿಸುವ ಗುತ್ತಿಗೆದಾರನ ಕಡೆಯವನು. ದೀಪದ ಕೆಲಸ ನಡೆಯುವಾಗ ಆ ಜಾಗಕ್ಕೆ ಬ್ಯಾರಿಕೇಡ್ ಅಡ್ಡ ಇಡುವುದು, ಮುಗಿದ ಮೇಲೆ ತೆಗೆಯುವುದು ಅವನ ಪಾಲಿನ ಕೆಲಸ. ಇನ್ನು ಮೂರು ತಿಂಗಳು ಯಾವ ದೂರೂ ಇಲ್ಲದೆ ಕಳೆದರೆ ಕಾಯಂ ಮಾಡುತ್ತೇವೆಂದು ಅವನಿಗೆ ಹೇಳಿದ್ದರು. ಅವನು ಆ ಮೂರು ತಿಂಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದ.

ಅವನ ಬಾಯಲ್ಲಿ ‘ಇಲ್ಲ’ ಎಂಬ ಪದ ನಾನು ಕೇಳಿದವನಲ್ಲ. ಏನು ಹೇಳಿದರೂ “ಆಯ್ತಣ್ಣ” ಎನ್ನುತ್ತಿದ್ದ. ಟೀ ತಗೊಂಡು ಬಾರೋ, ಆಯ್ತಣ್ಣ. ನಾಳೆ ಬೇಗ ಬಾರೋ, ಆಯ್ತಣ್ಣ. ನಿನ್ನಂಥ ದಡ್ಡ ಇನ್ನೊಬ್ಬನಿಲ್ಲ ಕಣೋ, ಅದಕ್ಕೂ ಆಯ್ತಣ್ಣ. ಇದರಲ್ಲಿ ಅವನನ್ನು ಆಡಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಸೀಮೆಯಲ್ಲಿ ದೊಡ್ಡವರ ಮಾತಿಗೆ ಎಲ್ಲರೂ ಹಾಗೇ ಅನ್ನುವುದು. ಮಾಡುತ್ತೇನೆ ಅನ್ನುವುದಕ್ಕೂ ಆಯ್ತು, ಮಾಡಿ ಮುಗಿಸಿದೆ ಅನ್ನುವುದಕ್ಕೂ ಆಯ್ತು. ಸಾಕು ಬಾಯಿಮುಚ್ಚು ಅನ್ನುವುದಕ್ಕೂ ಅದೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎರಡು ಕಡೆಗೂ ಬೆಳಕು. ಹುಟ್ಟಿದಾಗಿನಿಂದ ಈ ಒಂದು ಪದದಲ್ಲೇ ನಮ್ಮ ಸಂಸಾರ ನಡೆದಿದೆ.

ಅವತ್ತು ಧನುರ್ಮಾಸದ ಮಂಜು. ದೇವನಹಳ್ಳಿಯ ಮಂಜೆಂದರೆ ಜೀಪಿನ ಬಾನೆಟ್ಟು ನನ್ನದೋ ಪಕ್ಕದವನದೋ ತಿಳಿಯದಷ್ಟು. ಬೆಳಗಿನ ಜಾವ ಒಂದು ವಿಮಾನ ಇಳಿಯಿತು. ಜೀಪು ಕಳಿಸಿ ಎಂದು ಪೈಲಟ್ ಕೇಳಿದ್ದರು. ಟವರಿನವರು ನನ್ನನ್ನು ಕರೆದು, ಆ ವಿಮಾನ ನಿಲ್ಲಬೇಕಾದ ಜಾಗಕ್ಕೆ ಹತ್ತಿರದ ದಾರಿಯಲ್ಲಿ ರಾತ್ರಿಯೆಲ್ಲ ದೀಪದ ಕೆಲಸ ನಡೆದಿತ್ತಲ್ಲ, ಆ ದಾರಿ ಈಗ ತೆರವಾಗಿದೆಯೇ ನೋಡಿ ಹೇಳಿ ಎಂದರು. ನಾನು ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಚಾಚೂ ತಪ್ಪದೆ ತಿರುಗಿ ಒಪ್ಪಿಸಿದೆ.

ನಿಯಮ ಬಹಳ ಸರಳ. ಹೋಗಿ ಕಣ್ಣಾರೆ ನೋಡಬೇಕು, ಆಮೇಲೆ ಹೇಳಬೇಕು. ಆದರೆ ಆ ಜಾಗಕ್ಕೆ ಸುತ್ತು ಹಾಕಿ ಹೋಗಬೇಕಿತ್ತು. ನಾನು ಆಗಷ್ಟೇ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಟೀ ಬಗ್ಗಿಸಿಕೊಂಡಿದ್ದೆ. ದೇಶದ ವಿಮಾನಯಾನದ ಸುರಕ್ಷತೆ ದೊಡ್ಡದೇ, ಆದರೆ ಚಳಿಯಲ್ಲಿ ಟೀ ಆರಿದರೆ ಕುಡಿಯಲಾಗುವುದಿಲ್ಲ. ನಮ್ಮ ನಮ್ಮಲ್ಲೇ ಮಾತಾಡಿಕೊಳ್ಳುವ ಸಣ್ಣ ವಾಕಿಟಾಕಿಯೊಂದಿತ್ತು. ಅದರಲ್ಲಿ ಕನ್ನಡ ನಡೆಯುತ್ತಿತ್ತು. ಅದನ್ನೆತ್ತಿ ಕೂಗಿದೆ:

“ಲೇ, ಬ್ಯಾರಿಕೇಡ್ ತೆಗ್ದಾಯ್ತೇನೋ? ಬೇಗ ತೆಗಿಯೋ, ಪ್ಲೇನ್ ಕರ್ಕೊಂಡ್ ಬರ್ತಾ ಇದೀನಿ.”

“ಆಯ್ತಣ್ಣ.”

ನಾನು ಒಂದೇ ಉಸಿರಿನಲ್ಲಿ ಎರಡು ಮಾತು ಆಡಿದ್ದೆ. ಮೊದಲನೆಯದು ಪ್ರಶ್ನೆ, ಎರಡನೆಯದು ಅಪ್ಪಣೆ. ಅವನು ಅಪ್ಪಣೆಗೆ ಆಯ್ತು ಎಂದ. ನಾನು ಅದನ್ನು ಪ್ರಶ್ನೆಯ ಉತ್ತರವೆಂದು ಕೇಳಿಸಿಕೊಂಡೆ. ಟವರಿಗೆ, ದಾರಿ ತೆರವಾಗಿದೆ, ಎಂದು ಅಚ್ಚ ಇಂಗ್ಲಿಷಿನಲ್ಲಿ ಹೇಳಿ ಟೀ ಮುಗಿಸಿದೆ.

ಆಮೇಲೆ ವಿಮಾನದ ಮುಂದೆ ಹೋಗಿ ದೀಪ ಹಾಕಿದೆ. ಮಂಜಿನಲ್ಲಿ ಅದರ ಮೂಗಿನ ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರೇಡಿಯೋದಲ್ಲಿ ಕೇಳಿದ್ದು ಒಂದು ಹೆಣ್ಣುದನಿ, ಆ ವಿಮಾನದ ಕ್ಯಾಪ್ಟನ್. ಟವರಿನವರು ಹೇಳಿದ ದಾರಿಯನ್ನು ಆಕೆ ನಿಧಾನವಾಗಿ ತಿರುಗಿ ಒಪ್ಪಿಸಿದಳು. ನಾನು ಎಂದಿನಂತೆ ನಕ್ಕು ಹೊರಟೆ. ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದೆ. ಎರಡನೇ ತೂತಿನ ನಂತರ ನಾನು ಬಹಳ ನಿಧಾನಸ್ಥನಾಗಿದ್ದೆ. ಬೆನ್ನ ಹಿಂದೆ ಇಡೀ ಒಂದು ವಿಮಾನ ಬರುತ್ತಿದೆ ಎಂಬ ಗತ್ತಿನಲ್ಲಿ, ಕನ್ನಡಿ ಕೂಡ ನೋಡದೆ ಮುಂದೆ ಮುಂದೆ ಹೋಗುತ್ತಿದ್ದೆ.

ಅಷ್ಟರಲ್ಲಿ ರೇಡಿಯೋದಲ್ಲಿ ಅದೇ ದನಿ. ತಿರುವಿನಾಚೆ ನಡುವಿನ ಹಸಿರು ದೀಪಗಳು ಉರಿಯುತ್ತಿಲ್ಲ, ಆ ದಾರಿ ತೆರೆದಿದೆ ಎಂದು ಖಚಿತವಾಗುವವರೆಗೆ ನಾನು ಇಲ್ಲೇ ನಿಲ್ಲುತ್ತೇನೆ, ಎಂದು ಟವರಿಗೆ ಹೇಳಿದಳು. ಪುಕ್ಕಲು ಅಂದುಕೊಂಡೆ. ಮುಂದೆ ದಾರಿ ತೋರಿಸಲು ನಾನಿರುವಾಗ ದೀಪ ಉರಿದರೆಷ್ಟು ಬಿಟ್ಟರೆಷ್ಟು ಅಂದುಕೊಂಡೆ. ಹಾಗೆ ಅಂದುಕೊಂಡು ಮುಗಿಸುವುದರೊಳಗೆ ನನ್ನ ಜೀಪಿನ ದೀಪಕ್ಕೆ ಕೆಂಪು ಬಿಳಿ ಪಟ್ಟೆಯ ಹಲಗೆಯೊಂದು ಅಡ್ಡ ಬಂತು.

ಬ್ರೇಕಿನ ಮೇಲೆ ಎದ್ದು ನಿಂತೆ. ಹಲಗೆಗೂ ಬಂಪರಿಗೂ ನಡುವೆ ಒಂದು ಮೊಳ ಉಳಿದಿತ್ತು. ಅದರಾಚೆ ಹೊಸದಾಗಿ ಕೂರಿಸಿ ಇನ್ನೂ ಉರಿಸದ ದೀಪಗಳು, ಸುರುಳಿ ಸುತ್ತಿದ ಕೇಬಲ್ಲು, ಒಂದು ಹಾರೆ. ಇವುಗಳ ನಡುವೆ ಒಂದು ಬ್ಯಾರಿಕೇಡ್ ಹೆಗಲ ಮೇಲೆ ಹೊತ್ತುಕೊಂಡು ತೂಬಗೆರೆಯವನು ನಿಂತಿದ್ದ. ಇನ್ನೂ ಮೂರು ನೆಲದ ಮೇಲಿದ್ದವು. ನನ್ನನ್ನು ಕಂಡು ಅವನಿಗೆ ಆಶ್ಚರ್ಯವಾಯಿತು.

“ಏನಣ್ಣ ಇಷ್ಟ್ ಬೇಗ ಬಂದ್ಬಿಟ್ಟೆ? ತೆಗಿತಾ ಇದೀನಲ್ಲ.”

“ಆಯ್ತು ಅಂದ್ಯಲ್ಲೋ!”

“ಹೂಂ ಅಣ್ಣ, ಆಯ್ತು ಅಂದೆ. ಅದಕ್ಕೇ ತೆಗಿತಾ ಇದೀನಿ.”

ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನ್ನ ಜೀಪಿನ ಬೆನ್ನ ಮೇಲೆ ‘ನನ್ನ ಹಿಂದೆ ಬಾ’ ಎಂಬ ಅಕ್ಷರಗಳು ಖಾಲಿ ಮಂಜಿಗೆ ಬೆಳಗುತ್ತಿದ್ದವು. ವಿಮಾನ ಬಹಳ ಹಿಂದೆ, ತಿರುವಿಗೆ ಮುಂಚೆಯೇ ನಿಂತಿತ್ತು. ಆಕೆ ನನ್ನನ್ನು ನಂಬಿ ಬಂದಿದ್ದರೆ? ನಾನು ನಿಂತದ್ದು ಮಂಜಿನಲ್ಲಿ ಕಾಣದೆ ಹೋಗಿದ್ದರೆ? ಅಷ್ಟು ಭಾರದ ಗಾಡಿ, ಅಷ್ಟು ಜನ, ಅದರ ಮೂತಿಯಡಿ ಜೀಪು, ಜೀಪಿನ ಮುಂದೆ ಹೆಗಲ ಮೇಲೆ ಹಲಗೆ ಹೊತ್ತ ಮನುಷ್ಯ. ಬಸ್ಸಿನ ಕಾಲದಲ್ಲಿ ನಂದಿ ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿಯದಾಗಲೂ ನಾನು ಹಾಗೆ ಹೆದರಿರಲಿಲ್ಲ.

ಟವರಿನವರು ವಿಮಾನಕ್ಕೆ ಬೇರೆ ದಾರಿ ಕೊಟ್ಟರು. ನಾನು ಸುತ್ತಿ ಬಂದು ಮತ್ತೆ ಅದರ ಮುಂದೆ ನಿಂತು, ಮಾನ ಮರ್ಯಾದೆ ಇಲ್ಲದವನ ಹಾಗೆ ಮತ್ತೆ ‘ನನ್ನ ಹಿಂದೆ ಬಾ’ ದೀಪ ಹಾಕಿದೆ. ಆಕೆ ಬಂದಳು. ನಿಲುಗಡೆ ತಲುಪಿದ ಮೇಲೆ, ಜೀಪಿನವರಿಗೆ ಧನ್ಯವಾದ, ಎಂದು ರೇಡಿಯೋದಲ್ಲಿ ಹೇಳಿದಳು. ದನಿಯಲ್ಲಿ ವ್ಯಂಗ್ಯವೇನಾದರೂ ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ನಾನಾಗಿದ್ದರೆ ಖಂಡಿತ ಇರುತ್ತಿತ್ತು. ಆಕೆಯದರಲ್ಲಿ ಇರಲಿಲ್ಲ.

ಮೂರನೇ ದಿನ ವಿಚಾರಣೆಗೆ ಕರೆದರು. ಆ ಮೂರು ದಿನ ನಾನು ಕಾರ್ಡನ್ನು ಜೇಬಿನಿಂದ ತೆಗೆದು ಎರಡು ತೂತುಗಳನ್ನು ನೋಡುವುದು, ಮತ್ತೆ ಒಳಗಿಡುವುದು ಮಾಡುತ್ತಿದ್ದೆ. ಬರೆದು ಕೊಡಬೇಕಾದ ಕಾಗದದಲ್ಲಿ, ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿದಿರಾ ಎಂಬ ಪ್ರಶ್ನೆಯಿತ್ತು. ಅದರ ಮುಂದೆ ನಾನು ಹೌದು ಎಂದಾಗಲಿ ಇಲ್ಲ ಎಂದಾಗಲಿ ಬರೆಯದೆ, ‘ವಾಕಿಟಾಕಿಯಲ್ಲಿ ಖಚಿತಪಡಿಸಿಕೊಳ್ಳಲಾಯಿತು’ ಎಂದು ಬರೆದೆ. ಯಾರು, ಯಾರಿಂದ, ಏನನ್ನು ಎಂಬುದೆಲ್ಲ ಇಲ್ಲದ ಇಂಥ ವಾಕ್ಯ ಬರೆಯುವುದನ್ನು ನಾನು ಎಲ್ಲೂ ಕಲಿತವನಲ್ಲ. ಭಯ ಹುಟ್ಟಿದರೆ ಭಾಷೆ ತಾನಾಗಿ ಬರುತ್ತದೆ.

ಕೋಣೆಯಲ್ಲಿ ಇದ್ದದ್ದು ಮೂರೇ ಜನ. ವಿಚಾರಣೆಗೆ ಬಂದ ಸಾಹೇಬರು, ನಾನು, ತೂಬಗೆರೆಯವನು. ಸಾಹೇಬರು ಉತ್ತರದ ಕಡೆಯವರು. ಈ ಊರಿಗೆ ಬಂದು ಆರು ವರ್ಷವಾಗಿತ್ತಂತೆ. ಆರು ವರ್ಷದಲ್ಲಿ ಅವರು ಕಲಿತ ಕನ್ನಡ ಎರಡೇ ಪದ, ‘ಊಟ ಆಯ್ತಾ’. ಅದನ್ನು ಬೆಳಿಗ್ಗೆ ಹತ್ತಕ್ಕೂ ಕೇಳುತ್ತಿದ್ದರು, ಸಂಜೆ ಐದಕ್ಕೂ ಕೇಳುತ್ತಿದ್ದರು. ಅವತ್ತೂ ನಾವು ಒಳಗೆ ಕಾಲಿಟ್ಟ ಕೂಡಲೇ ಕೇಳಿದರು. ತೂಬಗೆರೆಯವನು ಕೈಕಟ್ಟಿ ನಿಂತು, ಆಯ್ತು ಸಾರ್, ಎಂದ. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ನನಗೆ ಗೊತ್ತಿತ್ತು.

ಸಾಹೇಬರು ನನ್ನ ಕಾಗದ ಓದಿ ಇಂಗ್ಲಿಷಿನಲ್ಲಿ ಕೇಳಿದರು. ವಾಕಿಟಾಕಿಯಲ್ಲಿ ಈತ ಏನು ಹೇಳಿದ? ಸರಿಯಾಗಿ ಯಾವ ಪದ ಬಳಸಿದ?

ಆಯ್ತು ಅಂತ ಹೇಳಿದ ಸಾರ್, ಎಂದೆ.

ಆಯ್ತು ಅಂದರೆ ಏನು?

ಈ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಸಾರ್, ಅದಕ್ಕೆ ಎರಡು ಅರ್ಥ. ನಾನು ಎರಡು ಮಾತು ಕೇಳಿದೆ, ಅವನು ಒಂದಕ್ಕೆ ಉತ್ತರ ಕೊಟ್ಟ. ಹೋಗಿ ನೋಡಬೇಕಾದವನು ನಾನು, ನೋಡಲಿಲ್ಲ. ಇಷ್ಟು ಹೇಳುವುದಕ್ಕೆ ಬೇಕಾದ ಇಂಗ್ಲಿಷ್ ನನ್ನಲ್ಲಿತ್ತು. ರಾತ್ರಿಯೆಲ್ಲ ವಿಮಾನಗಳ ಜೊತೆ ಇಂಗ್ಲಿಷಿನಲ್ಲೇ ಸಂಸಾರ ಮಾಡುವವನು ನಾನು. ಆದರೆ ಇಷ್ಟು ಹೇಳಿದರೆ ಮೂರನೇ ತೂತು ಬೀಳುತ್ತಿತ್ತು.

ನಾನು ತಡವರಿಸುವುದನ್ನು ಕಂಡು ಸಾಹೇಬರು ತಾವೇ ನೆರವಿಗೆ ಬಂದರು. ಪಾಪ, ಒಳ್ಳೆಯ ಮನುಷ್ಯ. ಊಟ ಆಯ್ತಾ ಅಂದರೆ ಊಟ ಮುಗಿಯಿತೇ ಅಂತ ತಾನೆ? ಹಾಗಾದರೆ ಆಯ್ತು ಅಂದರೆ ಮುಗಿಯಿತು, ಡನ್, ಅಲ್ಲವೇ? ಎಂದರು. ಆರು ವರ್ಷದಲ್ಲಿ ಕಲಿತ ಕನ್ನಡ ಕೊನೆಗೂ ಉಪಯೋಗಕ್ಕೆ ಬಂದದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

ನಾನು, “ಡನ್, ಸಾರ್” ಎಂದೆ.

ಸುಳ್ಳು ಹೇಳಲಿಲ್ಲ. ಯಾವ ನಿಘಂಟು ತೆಗೆದರೂ ನನ್ನ ಮಾತು ಸರಿ. ಸಾಹೇಬರು ಬರೆದುಕೊಂಡರು. ಆಮೇಲೆ ತೂಬಗೆರೆಯವನ ಕಡೆ ತಿರುಗಿ, ಇವರು ಹೇಳಿದ್ದಕ್ಕೆ ನೀನು ಏನಾದರೂ ಹೇಳುವುದಿದೆಯಾ ಎಂದು ಕೇಳಿದರು. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ನಾನು ಹೇಳಿದ್ದನ್ನು ಒಪ್ಪುತ್ತೀಯಾ ಅಂತ ಕೇಳ್ತಿದಾರೆ ಕಣೋ, ಎಂದೆ. ಅವನ ಮುಖ ಅರಳಿತು. ಅಣ್ಣ ತನ್ನ ಪರವಾಗಿ ಏನೋ ಮಾತಾಡಿದ್ದಾನೆ ಎಂದು ತಿಳಿದುಕೊಂಡ.

“ಅಣ್ಣ ಹೇಳಿದ್ ಮೇಲೆ ಮುಗೀತು ಸಾರ್. ಅಣ್ಣ ಏನಂದ್ರೋ ಅದೇ ಸರಿ.”

ಇದನ್ನು ನಾನೇ ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅದನ್ನೂ ಬರೆದುಕೊಂಡರು. ಅವನು ತೋರಿಸಿದ ಕಡೆ ಸಹಿ ಹಾಕಿದ. ಕನ್ನಡದಲ್ಲಿ, ದುಂಡಗೆ, ತಂದೆಯ ಹೆಸರಿನ ಮೊದಲಕ್ಷರದ ಸಮೇತ.

ಸ್ಥಳಕ್ಕೆ ಹೋಗಿ ನೋಡದೆ ಇದ್ದದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಕೊಟ್ಟರು. ತೂತು ಹೊಡೆಯಲಿಲ್ಲ. ಕೆಲಸ ಮುಗಿಯದೆ ಮುಗಿಯಿತೆಂದು ತಪ್ಪು ಮಾಹಿತಿ ಕೊಟ್ಟದ್ದಕ್ಕೆ ನಿಲ್ದಾಣದೊಳಗೆ ಬರುವ ಅವನ ಪಾಸು ರದ್ದಾಯಿತು. ಪಾಸಿಲ್ಲದವನನ್ನು ಇಟ್ಟುಕೊಂಡು ಗುತ್ತಿಗೆದಾರ ಏನು ಮಾಡುತ್ತಾನೆ? ಅವತ್ತೇ ಲೆಕ್ಕ ಮುಗಿಸಿ ಕಳಿಸಿಬಿಟ್ಟ.

ಸಂಜೆ ಮನೆಗೆ ಬಂದೆ. ನನ್ನ ಹೆಂಡತಿ ನಲ್ಲೂರಿನವಳು. ಅಲ್ಲಿನ ಹುಣಸೆ ತೋಪಿನ ಹುಳಿಯೆಲ್ಲ ಅವಳ ನಾಲಿಗೆಗೇ ಇಳಿದಿದೆ ಎಂದು ನಾನು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಒಲೆಯ ಮೇಲೆ ಹುಳಿ ಇಟ್ಟಿದ್ದೀನಿ, ಕುದಿ ಬಂದರೆ ಆರಿಸು ಎಂದು ಹೇಳಿ ಅವಳು ಪಕ್ಕದ ಮನೆಗೆ ಹೋದಳು. ನಾನು ಕೂತಲ್ಲೇ ಆಯ್ತು ಎಂದೆ. ಅವಳು ವಾಪಸ್ಸು ಬರುವಷ್ಟರಲ್ಲಿ ಮನೆಯೆಲ್ಲ ಹೊಗೆ.

“ಆಯ್ತು ಅಂದೆ, ಕೂತಿದ್ದ ಜಾಗದಿಂದ ಅಲ್ಲಾಡ್ಲಿಲ್ಲ. ನಿನ್ನ ಆಯ್ತು ನಂಬ್ಕೊಂಡು ಒಲೆ ಬಿಟ್ಟು ಹೋದೆನಲ್ಲ, ನನಗೆ ಬುದ್ಧಿ ಇಲ್ಲ.”

ಎಂದಿನ ಹಾಗೆ ಅವಳಿಗೊಂದು ಎದುರು ಮಾತು ಕೊಡಬೇಕೆಂದು ಬಾಯಿ ತೆಗೆದೆ. ಆದರೆ ಎದ್ದು ಹೋಗಿ ಸೀದ ಪಾತ್ರೆಯನ್ನು ನೀರಿಗಿಟ್ಟೆ. ಏನಾಯಿತು ಎಂದು ಅವಳು ಕೇಳಿದಳು. ಏನಿಲ್ಲ ಎಂದೆ. ಆ ರಾತ್ರಿ ಊಟ ಸೇರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿತ್ತು. ಹಾಗಂತ ಬೆಳಿಗ್ಗೆ ಎದ್ದು ಸಾಹೇಬರ ಹತ್ತಿರ ಹೋಗಿ ಇನ್ನೊಂದು ಅರ್ಥವನ್ನು ಹೇಳಿದೆನೇ? ಇಲ್ಲ. ಹೇಸಿಗೆಪಡುವುದಕ್ಕೆ ಕಾರ್ಡು ಬೇಕಾಗಿಲ್ಲ, ಜೀಪು ಓಡಿಸುವುದಕ್ಕೆ ಬೇಕು. ಪಾಳಿಯ ಹೊತ್ತಿಗೆ ಸರಿಯಾಗಿ ಹೋಗಿ ಜೀಪು ಹತ್ತಿದೆ.

ಅವತ್ತಿನಿಂದ ಪೈಲಟ್ಟುಗಳು ತಿರುಗಿ ಒಪ್ಪಿಸುವಾಗ ನನಗೆ ನಗು ಬರುವುದಿಲ್ಲ. ಮಂಜಿನ ದಿನದ ಆ ಕ್ಯಾಪ್ಟನ್‌ಗೆ ಟವರಿನವರು ಹೇಳಿದ್ದರು, ದಾರಿ ತೆರವಾಗಿದೆ ಎಂದು. ಮುಂದೆ ಒಂದು ಜೀಪು ಬಾ ಬಾ ಎಂದು ಕರೆಯುತ್ತಿತ್ತು. ಆದರೂ ಉರಿಯದ ನಾಲ್ಕು ದೀಪ ನೋಡಿ, ನನಗೆ ಖಾತ್ರಿಯಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನಿಂತುಬಿಟ್ಟಳು. ಅಷ್ಟುದ್ದ ಟೋಪಿ ಯಾಕೆ ಎಂದು ದೊಡ್ಡಪ್ಪ ಈಗ ಕೇಳಿದರೆ ಇದನ್ನು ಹೇಳುತ್ತಿದ್ದೆ. ಅವರು ಹೋಗಿ ಎರಡು ವರ್ಷವಾಯಿತು.

ಹದಿನೈದು ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ತೂಬಗೆರೆಯವನು ನಮ್ಮ ಮನೆಗೆ ಬಂದ. ಟಿವಿಎಸ್ ಮೊಪೆಡ್ಡಿನ ಮುಂದೆ ಒಂದು ಚೀಲ. ಬೇಲಿಯ ಹತ್ತಿರ ಮೊಪೆಡ್ ನಿಲ್ಲಿಸುವಾಗಲೇ ಅವರೆಕಾಯಿಯ ಸೊಗಡು ಅಂಗಳದವರೆಗೆ ಬಂತು. ನನಗೆ ಮನೆಯಲ್ಲಿಲ್ಲ ಎನ್ನಿಸಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವನು ನನ್ನನ್ನು ನೋಡಿಬಿಟ್ಟಿದ್ದ.

“ನಮ್ಮ ಹೊಲದ್ದು ಅಣ್ಣ. ಬೆಳಿಗ್ಗೆ ಮಂಜಿನಾಗೇ ಬಿಡಿಸ್ಕೊಂಡ್ ಬಂದೆ. ಅತ್ತಿಗೆಗೆ ಕೊಡು, ಹಿದಕವರೆ ಸಾರು ಮಾಡ್ಲಿ.”

“ಯಾಕೋ ಇದೆಲ್ಲ?”

“ಯಾಕೇನಣ್ಣ? ಸಾಹೇಬ್ರ ಮುಂದೆ ನನಗೋಸ್ಕರ ಅಷ್ಟ್ ಇಂಗ್ಲಿಷ್ ಮಾತಾಡ್ದೆ. ನನ್ನ ಹಣೆಬರ ಸರಿಯಿರ್ಲಿಲ್ಲ, ಆಗ್ಲಿಲ್ಲ. ನೀನೇನ್ ಮಾಡ್ತೀಯ?”

ನಾನು ಜಗಲಿಯ ಮೇಲೆ ಕೂತೆ. ಅವನು ಕೆಳಗೆ ನಿಂತೇ ಇದ್ದ. ಈಗ ಏನು ಮಾಡಿಕೊಂಡಿದ್ದೀಯ ಎಂದು ಕೇಳಿದೆ. ಹೊಸಕೋಟೆ ಕಡೆ ಒಂದು ಗೋಡೌನಿನಲ್ಲಿ ಲೋಡ್ ಇಳಿಸುವ ಕೆಲಸ ಇದೆಯಂತೆ, ದೂರವಾಗುತ್ತದೆ, ನೋಡಬೇಕು ಎಂದ. ಮಗಳು ದಿನಾ, ಅಪ್ಪಾ, ಪ್ಲೇನ್ ಕೆಲಸಕ್ಕೆ ಯಾಕೆ ಹೋಗ್ತಿಲ್ಲ ಅಂತ ಕೇಳ್ತಾಳೆ ಎಂದು ಹೇಳಿ ನಕ್ಕ. ಹೊರಡಲು ಮೊಪೆಡ್ಡಿನ ಹ್ಯಾಂಡಲ್ ಹಿಡಿದವನು ಮತ್ತೆ ನನ್ನ ಕಡೆ ತಿರುಗಿದ.

“ಅಣ್ಣ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಸಾಹೇಬ್ರಿಗೆ ನೀನು ‘ಡನ್’ ಅಂದ್ಯಲ್ಲ. ಹಂಗಂದ್ರೇನಣ್ಣ?”

ಇನ್ನೊಂದು ಅವಕಾಶ ಅದು. ಸಾಹೇಬರಿಲ್ಲ, ಕಾಗದವಿಲ್ಲ, ತೂತು ಹೊಡೆಯುವವರೂ ಇಲ್ಲ. ನಮ್ಮದೇ ಅಂಗಳ, ನಮ್ಮದೇ ಭಾಷೆ. ಹೇಳಬಹುದಿತ್ತು.

“ಡನ್ ಅಂದ್ರೆ ಆಯ್ತು ಅಂತ ಕಣೋ,” ಎಂದೆ.

ಅವನು ಅದನ್ನು ಮನಸ್ಸಿನಲ್ಲೇ ಒಂದು ಸಲ ತಿರುಗಿಸಿ ನೋಡಿದ.

“ನಾನೂ ಅದ್ನೇ ಅಲ್ವೇನಣ್ಣ ಅಂದಿದ್ದು? ಮತ್ತೆ ನನ್ನ ಯಾಕ್ ತೆಗೆದ್ರು?”

ಅವನ ಮುಖ ನೋಡಿದೆ. ಅದರಲ್ಲಿ ಚುಚ್ಚು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಒಂದು ಎದುರು ಮಾತು ಕೊಡುತ್ತಿದ್ದೆ, ಜೀವಮಾನವಿಡೀ ಅದನ್ನೇ ಮಾಡಿದವನು. ಅವನಿಗೆ ನಿಜವಾಗಿ ತಿಳಿದುಕೊಳ್ಳಬೇಕಿತ್ತು, ನನಗೆ ಗೊತ್ತಿರುತ್ತದೆ ಎಂದು ಕೇಳಿದ್ದ. ನಾನು ಎದ್ದು ಚೀಲ ತೆಗೆದುಕೊಂಡು ಒಳಗೆ ಹೋದೆ.